ಶ್ರೋತೃಗಳಿಲ್ಲದ ಕಚೇರಿ: ಕಿಂಗ್ ಕ್ರಿಮ್ಸನ್ ವೃಂದದ ಒಂದು ಧ್ವನಿಮುದ್ರಿಕೆಯ ಪರಿಶೀಲನೆ

ಕಚೇರಿಯ ಧ್ವನಿಮುದ್ರಿಕೆ ಎಂಬ ಮಾತು ಮೇಲ್ನೋಟಕ್ಕೆ ಸರಳವಾದುದು. ಒಂದು ದಿನ, ಒಂದು ಸ್ಥಳದಲ್ಲಿ, ಶ್ರೋತೃಗಳ ಸಮ್ಮುಖದಲ್ಲಿ ನಡೆದ ಸಂಗೀತವನ್ನು ಯಂತ್ರವು ಇದ್ದಂತೆಯೇ ಹಿಡಿದಿಟ್ಟಿದೆ ಎಂದು ನಾವು ಭಾವಿಸುತ್ತೇವೆ. ಚಪ್ಪಾಳೆ, ಕೆಮ್ಮು, ಕುರ್ಚಿ ಸರಿದ ಸದ್ದು, ನಮ್ಮ ಕಚೇರಿಗಳಾದರೆ ಮುಂದಿನ ಸಾಲಿನಿಂದ ಬರುವ ‘ಭಲೇ’ ಎಂಬ ಉದ್ಗಾರ, ಇವೆಲ್ಲವೂ ಆ ನಂಬಿಕೆಗೆ ಸಾಕ್ಷಿಗಳಾಗಿ ನಿಲ್ಲುತ್ತವೆ. ಈ ಸಾಕ್ಷಿಗಳನ್ನು ಉದ್ದೇಶಪೂರ್ವಕವಾಗಿ ಅಳಿಸಿಹಾಕಿದರೆ ಉಳಿಯುವುದನ್ನು ಏನೆಂದು ಕರೆಯಬೇಕು? ಇಂಗ್ಲೆಂಡಿನ ಕಿಂಗ್ ಕ್ರಿಮ್ಸನ್ ವೃಂದವು 2016ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ‘ರಾಡಿಕಲ್ ಆ್ಯಕ್ಷನ್ ಟು ಅನ್‌ಸೀಟ್ ದ ಹೋಲ್ಡ್ ಆಫ್ ಮಂಕಿ ಮೈಂಡ್’ ಎಂಬ ಧ್ವನಿಮುದ್ರಿಕೆಯು ಈ ಪ್ರಶ್ನೆಯನ್ನು ಬಹಳ ಖಚಿತವಾಗಿ ಎತ್ತುತ್ತದೆ. ಧ್ವನಿ ಸಂಗ್ರಹಾಲಯಗಳೂ ಗ್ರಂಥಾಲಯಗಳೂ ಎದುರಿಸಬೇಕಾದ ಪ್ರಶ್ನೆ ಇದಾದುದರಿಂದ, ರಾಕ್ ಸಂಗೀತದಲ್ಲಿ ಆಸಕ್ತಿಯಿಲ್ಲದ ಸಂಶೋಧಕರಿಗೂ ಇದರಿಂದ ಪ್ರಯೋಜನವುಂಟು.

ಮೊದಲಿಗೆ ವೃಂದದ ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ಹೇಳಬೇಕು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ರಾಕ್ ವೃಂದಗಳು ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಬಿಟ್ಟು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೀರ್ಘ ರಚನಾಕ್ರಮವನ್ನೂ ಜಾಜ್ ಸಂಗೀತದ ಮನೋಧರ್ಮವನ್ನೂ ವಿಷಮ ತಾಳಗಳನ್ನೂ ಅಳವಡಿಸಿಕೊಂಡವು. ಪ್ರೋಗ್ರೆಸಿವ್ ರಾಕ್ ಎಂಬ ಹೆಸರು ಬಂದುದು ಈ ಪ್ರವೃತ್ತಿಗೆ. ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಮತ್ತು ಸಂಗಡಿಗರು 1969ರ ಜನವರಿಯಲ್ಲಿ ಲಂಡನ್ನಿನಲ್ಲಿ ಅಭ್ಯಾಸ ಆರಂಭಿಸಿದರು. ಅದೇ ವರ್ಷದ ಜುಲೈ 5ರಂದು ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ವೃಂದಕ್ಕೆ ಮುನ್ನ ನುಡಿಸಿದರು. ಅಕ್ಟೋಬರ್‌ನಲ್ಲಿ ಹೊರಬಂದ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಈ ಪ್ರಕಾರದ ಆರಂಭದ ಕೃತಿಗಳಲ್ಲಿ ಪ್ರಮುಖವೆಂದು ಗಣಿಸಲ್ಪಟ್ಟಿದೆ. ವರ್ಷ ಮುಗಿಯುವಷ್ಟರಲ್ಲಿಯೇ ಇಬ್ಬರು ಸ್ಥಾಪಕ ಸದಸ್ಯರು ಹೊರನಡೆಯಲು ನಿರ್ಧರಿಸಿದರು. ಅಲ್ಲಿಂದ ಮುಂದೆ ಸದಸ್ಯರು ಬದಲಾಗುವುದೇ ವೃಂದದ ಸ್ವಭಾವವಾಯಿತು. ಎಲ್ಲ ಅವಧಿಗಳಲ್ಲಿಯೂ ಉಳಿದವರು ಫ್ರಿಪ್ ಒಬ್ಬರೇ. ಹೀಗಾಗಿ ಒಂದೊಂದು ಅವಧಿಯ ವೃಂದ ಹೇಗೆ ನುಡಿಸುತ್ತಿತ್ತು ಎಂಬುದಕ್ಕೆ ಕಚೇರಿಗಳ ಧ್ವನಿಮುದ್ರಣವು ಅತಿ ಮುಖ್ಯವಾದ ಆಧಾರವಾಗಿದೆ.

ವೃಂದದ ಮೊದಲ ಕಚೇರಿ ಧ್ವನಿಮುದ್ರಿಕೆ 1972ರ ‘ಅರ್ಥ್‌ಬೌಂಡ್’. ಆ ವರ್ಷದ ಆರಂಭದ ಅಮೆರಿಕಾ ಪ್ರವಾಸದಲ್ಲಿ ಸಾಮಾನ್ಯ ಕ್ಯಾಸೆಟ್ ಸುರುಳಿಯ ಮೇಲೆ ಮುದ್ರಿಸಿಕೊಂಡ ಸಾಮಗ್ರಿ ಇದು. ಧ್ವನಿ ಒಡೆದಿದೆ, ಮಂಕಾಗಿದೆ. ಅಮೆರಿಕಾದಲ್ಲಿ ವೃಂದದ ಮುದ್ರಿಕೆಗಳನ್ನು ಹೊರತರುತ್ತಿದ್ದ ಅಟ್ಲಾಂಟಿಕ್ ಸಂಸ್ಥೆ ಧ್ವನಿಯ ಗುಣಮಟ್ಟದ ಕಾರಣಕ್ಕೆ ಇದನ್ನು ಪ್ರಕಟಿಸಲು ಒಪ್ಪಲಿಲ್ಲ. ಆದರೂ ಒರಟುತನವೇ ಇದರ ಪ್ರಾಮಾಣಿಕತೆ ಎನ್ನುವ ಕೇಳುಗರು ಇದ್ದಾರೆ. ಅವರ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ಇದರಲ್ಲಿ ಸ್ಯಾಕ್ಸೊಫೋನ್ ನುಡಿಸಿದ ಮೆಲ್ ಕಾಲಿನ್ಸ್ ಅವರ ಹೆಸರನ್ನು ಓದುಗರು ನೆನಪಿನಲ್ಲಿಡಬೇಕು. ನಲವತ್ತನಾಲ್ಕು ವರ್ಷಗಳ ಅನಂತರದ ಮುದ್ರಿಕೆಯಲ್ಲಿಯೂ ಅವರೇ ಇದ್ದಾರೆ.

ಪ್ರಸ್ತುತ ವಿಷಯಕ್ಕೆ ನಿಜವಾದ ಪೂರ್ವಪೀಠಿಕೆ 1974ರ ಮಾರ್ಚ್‌ನಲ್ಲಿ ಪ್ರಕಟವಾದ ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’. ವೆಲ್ಷ್ ಕವಿ ಡಿಲನ್ ಥಾಮಸರ ‘ಅಂಡರ್ ಮಿಲ್ಕ್ ವುಡ್’ ನಾಟಕದಿಂದ ಬಂದ ಶೀರ್ಷಿಕೆ ಇದು. ಸ್ಟುಡಿಯೊ ಮುದ್ರಿಕೆಯೆಂದೇ ಇದು ಸ್ವೀಕರಿಸಲ್ಪಟ್ಟಿತು. ಅನೇಕ ಸೂಚಿಗಳಲ್ಲಿ ಇಂದಿಗೂ ಹಾಗೆಯೇ ನಮೂದಾಗಿದೆ. ವಾಸ್ತವವಾಗಿ ಇದರಲ್ಲಿ ಪೂರ್ತಿಯಾಗಿ ಸ್ಟುಡಿಯೊದಲ್ಲಿ ಸಿದ್ಧಗೊಂಡವು ಎರಡೇ ಕೃತಿಗಳು. ಉಳಿದವುಗಳ ಬಹುಭಾಗ ಕಚೇರಿಗಳಿಂದ, ವಿಶೇಷವಾಗಿ 1973ರ ನವೆಂಬರ್ 23ರಂದು ಆಮ್‌ಸ್ಟರ್‌ಡ್ಯಾಮಿನ ಕನ್ಸರ್ಟ್‌ಗೆಬೌ ಸಭಾಂಗಣದಲ್ಲಿ ನಡೆದ ಕಚೇರಿಯಿಂದ ಬಂದುದು. ಚಪ್ಪಾಳೆಯನ್ನು ತೆಗೆದು, ಅಗತ್ಯವಿದ್ದಲ್ಲಿ ಸ್ಟುಡಿಯೊ ನುಡಿಸಾಣಿಕೆಯನ್ನು ಸೇರಿಸಿ ಇವನ್ನು ಜೋಡಿಸಲಾಯಿತು.

ಇವುಗಳಲ್ಲಿ ‘ಟ್ರಿಯೊ’ ಎಂಬ ಕಿರುಕೃತಿಯು ವಿಶೇಷ ಗಮನಕ್ಕೆ ಯೋಗ್ಯವಾಗಿದೆ. ಪಿಟೀಲು, ಬಾಸ್ ಗಿಟಾರ್ ಮತ್ತು ಫ್ರಿಪ್ ಅವರು ನುಡಿಸಿದ ಮೆಲೊಟ್ರಾನ್ ಎಂಬ ಕೀಲಿಮಣೆ ವಾದ್ಯ ಈ ಮೂರರ ನಡುವೆ ವೇದಿಕೆಯ ಮೇಲೆಯೇ ಹುಟ್ಟಿಕೊಂಡ ಕಲ್ಪನಾ ಸಂಗೀತವಿದು. ಡ್ರಮ್ ವಾದಕ ಬಿಲ್ ಬ್ರೂಫರ್ಡ್ ಕೋಲುಗಳನ್ನು ಎದೆಯ ಮೇಲೆ ಅಡ್ಡಲಾಗಿ ಹಿಡಿದು, ಒಂದು ಪೆಟ್ಟನ್ನೂ ಹೊಡೆಯದೆ ಕುಳಿತಿದ್ದರು. ಆ ಸಂಯಮವೂ ರಚನೆಯ ಭಾಗವೆಂದು ಪರಿಗಣಿಸಿ ರಚನಕಾರರ ಪಟ್ಟಿಯಲ್ಲಿ ಅವರ ಹೆಸರನ್ನೂ ಸೇರಿಸಲಾಯಿತು. ನುಡಿಸದೆ ಇರುವುದೂ ಸಂಗೀತಕ್ಕೆ ಸಲ್ಲಿಸಿದ ಕೊಡುಗೆಯೇ ಎಂಬ ಈ ತೀರ್ಮಾನವನ್ನು ಒಪ್ಪಿದರೆ, ಅಂದು ಉಸಿರು ಬಿಗಿಹಿಡಿದು ಕೇಳುತ್ತಿದ್ದ ಸಭೆಯ ಮೌನಕ್ಕೆ ಯಾವ ಸ್ಥಾನ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಆ ಮೌನ ಧ್ವನಿಮುದ್ರಿಕೆಯಲ್ಲಿ ಇದೆ. ಆದರೆ ಅದು ಸಭೆಯ ಮೌನವೆಂದು ತಿಳಿಯುವ ಯಾವ ಗುರುತೂ ಉಳಿದಿಲ್ಲ. 1997ರಲ್ಲಿ ಆಮ್‌ಸ್ಟರ್‌ಡ್ಯಾಮ್ ಕಚೇರಿಯು ‘ದ ನೈಟ್ ವಾಚ್’ ಎಂಬ ಹೆಸರಿನಲ್ಲಿ ಪ್ರಕಟವಾದಾಗಲೇ ಈ ಕೃತಿಗಳನ್ನು ಅವುಗಳ ಮೂಲ ಸಂದರ್ಭದಲ್ಲಿ ಇಟ್ಟು ಕೇಳುವುದು ಸುಲಭವಾಯಿತು.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೆಂದರೆ 1975ರ ‘ಯುಎಸ್‌ಎ’. 1974ರ ಜೂನ್ 28ರಂದು ನ್ಯೂಜರ್ಸಿಯ ಆ್ಯಸ್‌ಬರಿ ಪಾರ್ಕಿನಲ್ಲಿ ನಡೆದ ಕಚೇರಿ ಇದರ ಮುಖ್ಯ ಆಕರ. ಚಪ್ಪಾಳೆ, ಕೂಗು ಎಲ್ಲವೂ ಇದರಲ್ಲಿವೆ. ಆದರೆ ಕೆಲವು ಕೃತಿಗಳಲ್ಲಿ ಕೇಳಿಬರುವ ಪಿಟೀಲು ಅಂದು ವೇದಿಕೆಯಲ್ಲಿದ್ದ ಡೇವಿಡ್ ಕ್ರಾಸ್ ಅವರದಲ್ಲ. ಅನಂತರ ಸ್ಟುಡಿಯೊದಲ್ಲಿ ಎಡ್ಡಿ ಜಾಬ್ಸನ್ ನುಡಿಸಿ ಸೇರಿಸಿದುದು. ಒಂದರಲ್ಲಿ ಸಭೆಯಿಲ್ಲ, ಸಂಗೀತದ ಬಹುಪಾಲು ವೇದಿಕೆಯದು. ಇನ್ನೊಂದರಲ್ಲಿ ಸಭೆಯಿದೆ, ಆದರೆ ಆ ಸಭೆ ಕೇಳದೇ ಇದ್ದ ವಾದನವೂ ಇದೆ. ಎರಡನೆಯದಕ್ಕೆ ಮಾತ್ರ ಕಚೇರಿ ಮುದ್ರಿಕೆ ಎಂಬ ಹಣೆಪಟ್ಟಿ ದೊರೆಯಿತು. ಚಪ್ಪಾಳೆಯನ್ನು ಪ್ರಮಾಣವಾಗಿ ಸ್ವೀಕರಿಸುವ ನಮ್ಮ ಅಭ್ಯಾಸ ಎಷ್ಟು ದುರ್ಬಲವಾದುದೆಂಬುದು ಇದರಿಂದ ವೇದ್ಯವಾಗುತ್ತದೆ.

ಫ್ರಿಪ್ 1974ರ ಸೆಪ್ಟೆಂಬರ್‌ನಲ್ಲಿ ವೃಂದವನ್ನು ವಿಸರ್ಜಿಸಿದರು. ಅನಂತರ 1981ರಲ್ಲಿ, ಮತ್ತೆ 1994ರಲ್ಲಿ ಅದು ಹೊಸ ರೂಪದಲ್ಲಿ ತಲೆಯೆತ್ತಿತು. ಈ ಅವಧಿಗಳ ಸಂಗೀತವನ್ನು ಇಲ್ಲಿ ಚರ್ಚಿಸುವ ಅಗತ್ಯವಿಲ್ಲ. 1992ರಲ್ಲಿ ಫ್ರಿಪ್ ‘ಡಿಸಿಪ್ಲಿನ್ ಗ್ಲೋಬಲ್ ಮೊಬೈಲ್’ ಎಂಬ ಸ್ವಂತ ಪ್ರಕಾಶನ ಸಂಸ್ಥೆಯನ್ನು ಆರಂಭಿಸಿದುದು ಮಾತ್ರ ನಮಗೆ ಪ್ರಸ್ತುತ. ಅಭಿಮಾನಿಗಳು ಕದ್ದು ಮುದ್ರಿಸಿಕೊಂಡು ಹಂಚುತ್ತಿದ್ದ ಕಚೇರಿಗಳನ್ನು ವೃಂದವೇ ವ್ಯವಸ್ಥಿತವಾಗಿ ಪ್ರಕಟಿಸುವ ಕ್ರಮ ಇದರಿಂದ ಬೆಳೆಯಿತು. ದಿನಾಂಕ, ಸ್ಥಳ, ವಾದಕರ ವಿವರಗಳೊಂದಿಗೆ ಹೊರಬಂದ ಈ ಮುದ್ರಿಕೆಗಳು ಸಂಶೋಧಕನಿಗೆ ಶಾಸನ ಸಂಪುಟಗಳಷ್ಟೇ ಉಪಯುಕ್ತ. 1974ರ ಅಮೆರಿಕಾ ಪ್ರವಾಸದ ಕಚೇರಿಗಳನ್ನು ಒಟ್ಟುಗೂಡಿಸಿದ ‘ದ ರೋಡ್ ಟು ರೆಡ್’ 2013ರಲ್ಲಿ ಬಂದಿತು.

ಆ ವರ್ಷವೇ ಫ್ರಿಪ್ ಏಳು ಮಂದಿಯ ಹೊಸ ವೃಂದವನ್ನು ಘೋಷಿಸಿದರು. 2014ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಅದರ ಮೊದಲ ಕಚೇರಿ ನಡೆಯಿತು. ಇದರ ವೇದಿಕೆಯ ವಿನ್ಯಾಸವೇ ರೂಢಿಗೆ ವಿರುದ್ಧವಾದುದು. ಸಾಮಾನ್ಯವಾಗಿ ಹಿಂದೆ ಕುಳಿತುಕೊಳ್ಳುವ ಡ್ರಮ್ ವಾದಕರು ಇಲ್ಲಿ ಮುಂದಿನ ಸಾಲಿನಲ್ಲಿದ್ದರು; ಅದೂ ಮೂವರು: ಪ್ಯಾಟ್ ಮ್ಯಾಸ್ಟೆಲೊಟ್ಟೊ, ಬಿಲ್ ರೀಫ್ಲಿನ್ ಮತ್ತು ಗ್ಯಾವಿನ್ ಹ್ಯಾರಿಸನ್. ಹಿಂದಿನ ಎತ್ತರದ ಕಟ್ಟೆಯ ಮೇಲೆ ಮೆಲ್ ಕಾಲಿನ್ಸ್, ಬಾಸ್ ವಾದಕ ಟೋನಿ ಲೆವಿನ್, ಗಾಯಕ ಮತ್ತು ಗಿಟಾರ್ ವಾದಕ ಜಾಕೊ ಜಾಕ್ಸಿಕ್ ಹಾಗೂ ಫ್ರಿಪ್. ಹಲವು ದಶಕಗಳಿಂದ ವೇದಿಕೆಯ ಮೇಲೆ ಕೇಳಿಬರದಿದ್ದ 1969–74ರ ಕೃತಿಗಳನ್ನು ಈ ವೃಂದ ಮತ್ತೆ ಕೈಗೆತ್ತಿಕೊಂಡಿತು. ಆದರೆ ಪುನರುಚ್ಚಾರ ಅದರ ಗುರಿಯಾಗಿರಲಿಲ್ಲ. ಹಳೆಯ ಕೃತಿಗಳನ್ನು ಹೊಸದಾಗಿ ರಚಿಸಿದವುಗಳಂತೆ ನುಡಿಸುವುದು ಅದು ಹಾಕಿಕೊಂಡ ನಿಯಮ.

‘ರಾಡಿಕಲ್ ಆ್ಯಕ್ಷನ್’ ಈ ವೃಂದದ 2015ರ ಪ್ರವಾಸದ ಫಲ. ಮೂರು ಸಿ.ಡಿ.ಗಳೊಂದಿಗೆ ದೃಶ್ಯಮುದ್ರಿಕೆಯೂ ಸೇರಿದೆ. ಜಪಾನಿನ ತಕಮಾತ್ಸು ನಗರದ ಕಚೇರಿ ಅದರ ಪ್ರಧಾನ ಆಕರ. ಶೀರ್ಷಿಕೆಯಲ್ಲಿನ ಮರ್ಕಟ ಮನಸ್ಸು ಬೌದ್ಧ ಪರಂಪರೆಯ ರೂಪಕ. ಬಸವಣ್ಣನವರ ವಚನದಲ್ಲಿಯೂ ಮನಸ್ಸಿಗೆ ಮರ್ಕಟದ ಹೋಲಿಕೆ ಇರುವುದರಿಂದ ಕನ್ನಡದ ಓದುಗರಿಗೆ ಇದಕ್ಕೆ ವ್ಯಾಖ್ಯಾನ ಬೇಕಾಗುವುದಿಲ್ಲ. ಮೂರು ಸಿ.ಡಿ.ಗಳು ಕಚೇರಿಯ ಕ್ರಮವನ್ನು ಅನುಸರಿಸದೆ ಕೃತಿಗಳ ಸ್ವಭಾವಕ್ಕೆ ತಕ್ಕಂತೆ ವಿಂಗಡಣೆಗೊಂಡಿವೆ. ಬಿರುಸಿನ ವಾದ್ಯಕೃತಿಗಳು ಮೊದಲನೆಯದರಲ್ಲಿ, ಪ್ರಸಿದ್ಧವಾದ ಹಳೆಯ ಹಾಡುಗಳು ಮೂರನೆಯದರಲ್ಲಿ. ಎಂದರೆ ಯಾವ ಒಂದು ಸಂಜೆಯ ಕ್ರಮವೂ ಇಲ್ಲಿ ಉಳಿದಿಲ್ಲ. ಅದರ ಜೊತೆಗೆ ಸಿ.ಡಿ.ಗಳಿಂದ ಶ್ರೋತೃಗಳ ಸದ್ದನ್ನೂ ಅಳಿಸಲಾಗಿದೆ.

ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ವಿವರಿಸುವುದು ಉಚಿತ. ಇಂದಿನ ಕಚೇರಿ ಮುದ್ರಣದಲ್ಲಿ ಪ್ರತಿಯೊಂದು ವಾದ್ಯಕ್ಕೂ ಪ್ರತ್ಯೇಕ ಪಥವಿರುತ್ತದೆ. ಮೂರು ಡ್ರಮ್ ಸಮೂಹಗಳಿದ್ದಲ್ಲಿ ಅವಕ್ಕೇ ಹಲವಾರು ಪಥಗಳು ಬೇಕು. ಸಭೆಯ ಸದ್ದನ್ನು ಹಿಡಿಯುವ ಮೈಕುಗಳು ಬೇರೆ. ಮಿಶ್ರಣದ ಹಂತದಲ್ಲಿ ಈ ಕೊನೆಯ ಪಥಗಳನ್ನು ಕೈಬಿಟ್ಟರೆ ಸಭೆ ಬಹುಪಾಲು ಮರೆಯಾಗುತ್ತದೆ. ಗಾಯಕನ ಮೈಕಿನೊಳಗೂ ಡ್ರಮ್ಮಿನ ಮೇಲಿನ ಮೈಕಿನೊಳಗೂ ಸೋರಿ ಬಂದ ಚಪ್ಪಾಳೆಯನ್ನು ತೆಗೆಯುವುದು ಮಾತ್ರ ಕಷ್ಟ. ಕೃತಿಯ ಆದಿ ಅಂತ್ಯಗಳಲ್ಲಿ ಅದು ಹೆಚ್ಚು. ಬೇರೊಂದು ಸಂಜೆಯ ಶುದ್ಧವಾದ ತುಣುಕನ್ನು ಅಲ್ಲಿ ಜೋಡಿಸುವುದು ಇಂತಹ ಕೆಲಸದ ಸಾಮಾನ್ಯ ಉಪಾಯ.

ಇದರಿಂದ ಆದ ಲಾಭ ದೊಡ್ಡದು. ಮೂವರು ಡ್ರಮ್ ವಾದಕರು ಒಂದೇ ಲಯವನ್ನು ಮೂರು ಪಟ್ಟು ಜೋರಾಗಿ ಬಾರಿಸುತ್ತಾರೆ ಎಂದು ಭಾವಿಸಿದರೆ ತಪ್ಪಾಗುತ್ತದೆ. ಒಬ್ಬರು ಬಿಟ್ಟ ಪೆಟ್ಟನ್ನು ಇನ್ನೊಬ್ಬರು ತುಂಬುತ್ತಾರೆ. ಒಂದು ಲಯವಾಕ್ಯ ಎಡದಿಂದ ಬಲಕ್ಕೆ ಮೂರು ಕೈಗಳಲ್ಲಿ ಸಾಗುತ್ತದೆ. ಕೆಲವೆಡೆ ಒಬ್ಬರು ಮಾತ್ರ ನುಡಿಸಿ ಇಬ್ಬರು ಸುಮ್ಮನಿರುತ್ತಾರೆ, ಬ್ರೂಫರ್ಡರ ಹಳೆಯ ಸಂಯಮ ಇಲ್ಲಿ ವಿಧಾನವೇ ಆಗಿದೆ. ರೀಫ್ಲಿನ್ ಆಗಾಗ ಕೀಲಿಮಣೆಗೂ ತಿರುಗುತ್ತಾರೆ. 1973ರಲ್ಲಿ ಮೊದಲು ಪ್ರಕಟವಾದ ‘ಲಾರ್ಕ್ಸ್ ಟಂಗ್ಸ್ ಇನ್ ಆಸ್ಪಿಕ್’ ಕೃತಿಯ ಮೊದಲ ಭಾಗವನ್ನು ಹೊಸ ಮುದ್ರಿಕೆಯಲ್ಲಿ ಕೇಳಿದರೆ, ಅಂದು ಬ್ರೂಫರ್ಡ್ ಮತ್ತು ಜೇಮೀ ಮ್ಯೂರ್ ಇಬ್ಬರು ಹಂಚಿಕೊಂಡಿದ್ದ ತಾಳವಾದ್ಯದ ಕೆಲಸ ಈಗ ಎಷ್ಟು ಸೂಕ್ಷ್ಮವಾಗಿ ಪುನರ್ವಿಂಗಡಣೆಗೊಂಡಿದೆ ಎಂಬುದು ತಿಳಿಯುತ್ತದೆ. ಸಭೆಯ ಗದ್ದಲದ ನಡುವೆ ಈ ವಿವರಗಳು ಇಷ್ಟು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ‘ಮೆಲ್ಟ್‌ಡೌನ್’ನಂತಹ ಹೊಸ ರಚನೆಗಳಿಗೆ ಸ್ಟುಡಿಯೊ ಆವೃತ್ತಿ ಇಲ್ಲದ ಕಾರಣ ಅವುಗಳ ಮಟ್ಟಿಗೆ ಇದೇ ಪ್ರಮಾಣಪಾಠ.

ನಷ್ಟವೂ ಸಣ್ಣದಲ್ಲ. ‘ಸ್ಟಾರ್‌ಲೆಸ್’ ಕೃತಿಯ ದೀರ್ಘವಾದ ಮಧ್ಯಭಾಗದಲ್ಲಿ, ಅದುವರೆಗೆ ಬದಲಾಗದೆ ಬೆಳಗುತ್ತಿದ್ದ ವೇದಿಕೆಯ ಬಿಳಿಯ ಬೆಳಕು ಮೆಲ್ಲನೆ ಕೆಂಪಾಗುತ್ತಿತ್ತು. ಸಂಜೆಯ ಏಕೈಕ ದೃಶ್ಯಾಲಂಕಾರ ಅದು. ಕೃತಿ ಮುಗಿದಾಗ ಸಭೆಯ ಬಿಗಿತ ಸಡಿಲಗೊಂಡು ಚಪ್ಪಾಳೆಯಾಗುವ ಕ್ಷಣವಿಲ್ಲದೆ ಆ ಮಧ್ಯಭಾಗದ ಒತ್ತಡ ಅರ್ಧಕ್ಕೆ ನಿಂತಂತೆ ಭಾಸವಾಗುತ್ತದೆ. ವಿಚಿತ್ರವೆಂದರೆ ಶ್ರೋತೃವಿನ ಮಹತ್ವವನ್ನು ಫ್ರಿಪ್ ಅವರಷ್ಟು ಆಗ್ರಹದಿಂದ ಪ್ರತಿಪಾದಿಸಿದ ರಾಕ್ ಸಂಗೀತಗಾರರು ವಿರಳ. ಸಂಗೀತ, ಸಂಗೀತಗಾರ, ಶ್ರೋತೃ ಈ ಮೂರರ ಸಂಬಂಧದಲ್ಲಿಯೇ ಕಚೇರಿ ಸಂಭವಿಸುತ್ತದೆ ಎಂಬುದು ಅವರ ಬರಹಗಳಲ್ಲಿ ಪದೇ ಪದೇ ಬರುವ ವಿಚಾರ. ಸ್ಟುಡಿಯೊ ಮುದ್ರಿಕೆ ಪ್ರೇಮಪತ್ರವಿದ್ದಂತೆ, ಕಚೇರಿ ಪ್ರತ್ಯಕ್ಷ ಭೇಟಿಯಿದ್ದಂತೆ ಎಂಬ ಅರ್ಥದ ಮಾತನ್ನೂ ಅವರು ಆಡಿದ್ದಾರೆ. ಈ ವೃಂದದ ಕಚೇರಿಗಳಲ್ಲಿ ಛಾಯಾಚಿತ್ರ ತೆಗೆಯುವುದು ನಿಷಿದ್ಧವಾಗಿತ್ತು. ಕೊನೆಯಲ್ಲಿ ಟೋನಿ ಲೆವಿನ್ ತಮ್ಮ ಕ್ಯಾಮೆರಾವನ್ನು ಎತ್ತಿ ಸಭೆಯ ಕಡೆ ತಿರುಗಿಸಿದ ಮೇಲಷ್ಟೇ ಸಭೆಗೂ ಅನುಮತಿ. ಕೇಳುವಾಗ ಪೂರ್ತಿಯಾಗಿ ಹಾಜರಿರಿ ಎಂಬುದು ಈ ನಿಯಮದ ತಾತ್ಪರ್ಯ. ಹಾಗೆ ಹಾಜರಿದ್ದವರನ್ನೇ ಅನಂತರ ಅಳಿಸಿದುದನ್ನು ವಿರೋಧಾಭಾಸವೆನ್ನಬಹುದು. ಅದಕ್ಕಿಂತ ಭಿನ್ನವಾಗಿ, ಭೇಟಿಗೆ ಬಾರದ ಮನೆಯ ಕೇಳುಗನಿಗೆ ಬೇರೆಯವರ ಭೇಟಿಯ ಗದ್ದಲವನ್ನು ಕೇಳಿಸುವುದಕ್ಕಿಂತ ನೇರವಾಗಿ ಪತ್ರ ಬರೆಯುವುದೇ ಮೇಲೆಂದು ವೃಂದ ಎಣಿಸಿರಬಹುದೆಂಬುದು ಈ ಲೇಖಕನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಒಂದು ಬಲವಾದ ಆಧಾರವಿದೆ. 2015ರ ನವೆಂಬರ್ 20ರಂದು ಕೆನಡಾದ ಟೊರಾಂಟೊದಲ್ಲಿ ನಡೆದ ಕಚೇರಿಯನ್ನು ಇದೇ ಸಂಸ್ಥೆ ‘ಲೈವ್ ಇನ್ ಟೊರಾಂಟೊ’ ಎಂಬ ಹೆಸರಿನಲ್ಲಿ, ‘ರಾಡಿಕಲ್ ಆ್ಯಕ್ಷನ್’ಗಿಂತ ಕೆಲವು ತಿಂಗಳು ಮೊದಲೇ ಪ್ರಕಟಿಸಿತ್ತು. ಅದೇ ವೃಂದ, ಅದೇ ಪ್ರವಾಸ, ಬಹುಮಟ್ಟಿಗೆ ಅವೇ ಕೃತಿಗಳು. ಆದರೆ ಅಲ್ಲಿ ಒಂದು ಸಂಜೆಯ ಕ್ರಮವಿದೆ, ಸಭೆಯಿದೆ. ಹೀಗೆ ಒಂದೇ ಪ್ರವಾಸಕ್ಕೆ ಎರಡು ಬಗೆಯ ದಾಖಲೆಗಳು ಏರ್ಪಟ್ಟವು: ಒಂದು ಘಟನೆಯ ದಾಖಲೆ, ಇನ್ನೊಂದು ಕೃತಿಗಳ ಪಾಠ. ಗ್ರಂಥಸಂಪಾದನೆಯ ಪರಿಭಾಷೆಯಲ್ಲಿ ಹೇಳುವುದಾದರೆ ಟೊರಾಂಟೊ ಮುದ್ರಿಕೆ ಒಂದೇ ಓಲೆಪ್ರತಿಯ ಯಥಾಪ್ರತಿ. ‘ರಾಡಿಕಲ್ ಆ್ಯಕ್ಷನ್’ ಪರಿಷ್ಕರಿಸಿದ ಪಾಠ. ಎರಡಕ್ಕೂ ಅವುಗಳದೇ ಉಪಯೋಗವುಂಟು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಸೂಚೀಕರಣದಲ್ಲಿ ಇವೆರಡನ್ನೂ ಕಚೇರಿ ಮುದ್ರಿಕೆ ಎಂಬ ಒಂದೇ ಶೀರ್ಷಿಕೆಯ ಕೆಳಗೆ ತಂದರೆ ಈ ವ್ಯತ್ಯಾಸ ಮರೆಯಾಗುತ್ತದೆ. ಪ್ರಕಟಣೆಯ ವರ್ಷದೊಂದಿಗೆ ನುಡಿಸಾಣಿಕೆಯ ದಿನಾಂಕವನ್ನೂ ನಮೂದಿಸಬೇಕು. ಒಂದಕ್ಕಿಂತ ಹೆಚ್ಚು ಸಂಜೆಗಳ ಸಾಮಗ್ರಿ ಇದ್ದರೆ ಅದನ್ನೂ, ಅನಂತರ ಸೇರಿಸಿದ ವಾದನವಿದ್ದರೆ ವಾದಕನ ಹೆಸರನ್ನೂ, ಸಭೆಯ ಸದ್ದು ಉಳಿದಿದೆಯೇ ಇಲ್ಲವೇ ಎಂಬುದನ್ನೂ ಪ್ರತ್ಯೇಕವಾಗಿ ಬರೆಯಬೇಕು. ಈ ಕ್ರಮದಲ್ಲಿ ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ ಸ್ಟುಡಿಯೊ ಮುದ್ರಿಕೆಗಳ ಸಾಲಿನಿಂದ ಹೊರಬಂದು ‘ರಾಡಿಕಲ್ ಆ್ಯಕ್ಷನ್’ನ ಪಕ್ಕಕ್ಕೆ ಬರುತ್ತದೆ, ‘ಯುಎಸ್‌ಎ’ಗೆ ಜಾಬ್ಸನ್ನರ ಹೆಸರಿನ ಟಿಪ್ಪಣಿ ಸೇರುತ್ತದೆ. ರೀಫ್ಲಿನ್ 2020ರ ಮಾರ್ಚ್‌ನಲ್ಲಿ ತೀರಿಕೊಂಡರು. ಈ ವೃಂದದ ಕೊನೆಯ ಪ್ರವಾಸ 2021ರ ಡಿಸೆಂಬರ್ 8ರಂದು ಟೋಕಿಯೊದಲ್ಲಿ ಮುಗಿಯಿತು. 2015ರ ಏಳು ಮಂದಿ ಹೇಗೆ ನುಡಿಸುತ್ತಿದ್ದರೆಂದು ತಿಳಿಯಬಯಸುವವರಿಗೆ ಈ ಎರಡು ಮುದ್ರಿಕೆಗಳು ಒಂದೇ ಕಪಾಟಿನಲ್ಲಿ ಜೊತೆಯಾಗಿ ದೊರೆಯಬೇಕು.