ಹೊಗೆಸೊಪ್ಪಿನ ಬ್ಯಾರನ್ನಿನ ತಗಡಿನ ಕೊಳವೆಗೆ ಕವಲು ಕೂಡಿಸುವ ಕ್ರಮ

ನಿಪ್ಪಾಣಿ ಸೀಮೆಯ ಬೀಡಿ ತಂಬಾಕನ್ನು ಬಿಸಿಲಿನಲ್ಲಿಯೇ ಒಣಗಿಸುವುದರಿಂದ ಅದಕ್ಕೆ ಒಲೆಯ ಅಗತ್ಯವಿಲ್ಲ. ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ವರ್ಜೀನಿಯಾ ಹೊಗೆಸೊಪ್ಪಾದರೋ ಬ್ಯಾರನ್ ಎಂಬ ಮುಚ್ಚಿದ ಮನೆಯಲ್ಲಿ ಶಾಖದಿಂದ ಹದಗೊಳ್ಳತಕ್ಕದ್ದು. ಒಲೆಯ ಹೊಗೆಯು ದುಂಡನೆಯ ತಗಡಿನ ಕೊಳವೆಗಳೊಳಗೆ ಹರಿದು ಚಿಮಣಿಯಿಂದ ಹೊರಬೀಳುತ್ತದೆ. ಎಲೆಗೆ ಕೊಳವೆಯ ಶಾಖ ಮಾತ್ರ ತಗಲಬೇಕಲ್ಲದೆ ಹೊಗೆ ತಗಲಕೂಡದು. ಎಲೆ ಹಳದಿಗೆ ತಿರುಗುವಾಗ ಸುಮಾರು ೧೦೦ ಫ್ಯಾರನ್‌ಹೀಟ್ ಡಿಗ್ರಿಯಷ್ಟಿರುವ ಶಾಖವನ್ನು, ನಡುನರ ಒಣಗುವ ಕೊನೆಯ ಹೊತ್ತಿಗೆ ಸುಮಾರು ೧೬೦ ಡಿಗ್ರಿಗೆ ಏರಿಸುವರು. ಆಗ ಎಲೆಯು ಹಪ್ಪಳದಂತೆ ಒಣಗಿರುವುದು. ಕೂಡಿಕೆಯಲ್ಲಿ ಬಿರುಕಿದ್ದರೆ ಹೊಗೆ ಹಿಡಿದ ಸೊಪ್ಪಿಗೆ ಹರಾಜಿನಲ್ಲಿ ಬೆಲೆ ಬಾರದು. ಒಂದು ಕಿಡಿ ಹೊರಬಿದ್ದರೆ ಬ್ಯಾರನ್ನೇ ಉರಿದುಹೋಗುವುದು. ಕೊಳವೆಯ ಸಾಲಿನಲ್ಲಿ ಅತ್ಯಂತ ದುರ್ಬಲವಾದ ಸ್ಥಳವು ಕವಲಿನ ಕೂಡಿಕೆಯೇ ಆಗಿದೆ.

೧. ಅಳತೆ. ೧೨ ಅಂಗುಲ ವ್ಯಾಸದ ಕೊಳವೆಯನ್ನು ೬ ಅಂಗುಲದ ಎರಡು ಕವಲುಗಳಾಗಿ ಒಡೆದರೆ ಲೆಕ್ಕ ಸರಿಹೋಯಿತೆಂದು ಹಲವರು ತಿಳಿಯುವುದುಂಟು. ಹಾಗೆ ಮಾಡಿದರೆ ಹೊಗೆಗೆ ಅರ್ಧ ದಾರಿ ಮಾತ್ರ ಉಳಿದು, ಅದು ಒಲೆಯ ಬಾಯಿಗೆ ಹಿಂದಿರುಗುವುದು. ಎರಡು ಕವಲುಗಳೂ ಎಂಟೂವರೆ ಅಂಗುಲದವಾಗಿರಬೇಕು.

೨. ಓರೆ. ಕಾಲುವೆಯಿಂದ ಕವಲು ತೆಗೆಯುವ ರೈತನು ನೀರು ಓಡುವ ಕಡೆಗೇ ಅದನ್ನು ಓರೆಯಾಗಿ ತೆಗೆಯುವನು. ಅಂತೆಯೇ ಇಲ್ಲಿಯೂ ಕವಲು ಹೊಗೆಯ ದಿಕ್ಕಿಗೆ ೪೫ ಡಿಗ್ರಿ ಓರೆಯಾಗಿರತಕ್ಕದ್ದು. ಕೊಳವೆಗಳೆಲ್ಲವೂ ಚಿಮಣಿಯ ಕಡೆಗೆ ಸ್ವಲ್ಪ ಏರುತ್ತಿರಬೇಕು.

೩. ಕತ್ತರಿಸುವಿಕೆ. ಕವಲಿನ ಬಾಯನ್ನು ಮುಖ್ಯ ಕೊಳವೆಯ ದುಂಡಿಗೆ ಹೊಂದುವಂತೆ ಕತ್ತರಿಸುವಾಗ ಅಂಚಿನಲ್ಲಿ ಒಂದು ಅಂಗುಲ ತಗಡನ್ನು ಹೆಚ್ಚಾಗಿ ಬಿಟ್ಟು, ಅದನ್ನು ಹಲ್ಲುಗಳಾಗಿ ಸೀಳಿ ಹೊರಕ್ಕೆ ಮಡಿಸಬೇಕು. ಕವಲನ್ನು ಕೊಳವೆಯ ಮೇಲೆ ಕೂರಿಸಿ, ಅದರ ಒಳ ಅಂಚಿನ ಗುಂಟ ಗೆರೆ ಎಳೆದು, ಗೆರೆಯ ಒಳಗಡೆಯೇ ರಂಧ್ರ ಕೊರೆಯತಕ್ಕದ್ದು. ಚಿಕ್ಕದಾದ ರಂಧ್ರವನ್ನು ಅರದಿಂದ ತೀಡಿ ಹಿಗ್ಗಿಸಬಹುದು, ದೊಡ್ಡದಾದುದನ್ನು ಕುಗ್ಗಿಸಲಾಗದು. ಕವಲಿನ ಅಂಚು ಮುಖ್ಯ ಕೊಳವೆಯೊಳಕ್ಕೆ ಚಾಚಿಕೊಂಡರೆ ಅಲ್ಲಿ ಮಸಿ ಕಟ್ಟುವುದು.

೪. ಭದ್ರಪಡಿಸುವಿಕೆ. ಹಲ್ಲುಗಳನ್ನು ಕಬ್ಬಿಣದ ರಿವೆಟ್ಟುಗಳಿಂದ ಬಿಗಿಯಬೇಕು. ಸೀಸ ಬೆರೆತ ಬೆಸುಗೆಯು ಈ ಶಾಖಕ್ಕೆ ಕರಗುವುದರಿಂದ ಅದನ್ನು ನಂಬಬಾರದು. ಸಂದುಗಳಿಗೆ ಮರಳು ಬೆರೆಸಿ ಕಲಸಿದ ಜೇಡಿಮಣ್ಣನ್ನು ಮೆತ್ತಿ, ಒಣಗಿ ಬಿರಿದಲ್ಲಿ ಮತ್ತೆ ಮೆತ್ತಬೇಕು. ಒಲೆಗೆ ಹತ್ತಿರದ ಭಾಗಕ್ಕೆ ದಪ್ಪನೆಯ ಕಬ್ಬಿಣದ ತಗಡು ಬೇಕು. ಸತುವಿನ ಲೇಪದ ತಗಡು ಅಲ್ಲಿ ಸಲ್ಲದು.

೫. ಪರೀಕ್ಷೆ. ಒಲೆ ಹೊತ್ತಿಸುವ ಮೊದಲು ಬಾಗಿಲು ಮುಚ್ಚಿ, ಕೊಳವೆಯೊಳಗೆ ಬ್ಯಾಟರಿ ದೀಪವನ್ನಿಟ್ಟು, ಕತ್ತಲೆಯಲ್ಲಿ ಪ್ರತಿಯೊಂದು ಕೂಡಿಕೆಯನ್ನೂ ನೋಡತಕ್ಕದ್ದು. ಬೆಳಕು ಕಂಡೆಡೆಯಲ್ಲಿ ಹೊಗೆಯೂ ಹೊರಡುವುದು. ಕಡ್ಡಿಯಿಂದ ಕಳಚಿದ ಎಲೆ ಕಾದ ಕೊಳವೆಯ ಮೇಲೆ ಬೀಳದಂತೆ ತಂತಿಯ ಬಲೆಯನ್ನೂ ಕಟ್ಟಬೇಕು.

ತಗಡು ವರ್ಷವರ್ಷಕ್ಕೂ ತುಕ್ಕು ಹಿಡಿದು ತೆಳುವಾಗುತ್ತದೆ. ಆದುದರಿಂದ ಸೊಪ್ಪು ಮುರಿಯುವ ಕಾಲಕ್ಕೆ ಮುಂಚೆಯೇ ಗ್ರಾಮದ ಮುಖಂಡರು ತಗಡಿನ ಕೆಲಸಗಾರನೊಬ್ಬನನ್ನು ಗೊತ್ತುಮಾಡಿ, ಊರಿನ ಬ್ಯಾರನ್ನುಗಳೆಲ್ಲವನ್ನೂ ಒಮ್ಮೆಗೇ ನೋಡಿಸುವುದು ಲೇಸು. ಒಂದು ತುಂಡು ತಗಡಿನ ವೆಚ್ಚಕ್ಕೆ ಹಿಂಜರಿದವನು ವರ್ಷದ ಬೆಳೆಯನ್ನೇ ಕಳೆದುಕೊಳ್ಳಬೇಕಾದೀತು.