ಫೋಟೊ ನೋಡಿದ್ದಾಯಿತು, ತೆಗೆದವರನ್ನು ಕೇಳಿದಿರಾ?

ಜನರ ಆರೋಗ್ಯದ ರೂಢಿ ತಿಳಿಯಲು ಪ್ರಶ್ನಾವಳಿ ಹಿಡಿದು ಮನೆಮನೆ ತಿರುಗುವುದು ಹಳೆಯ ದಾರಿ. ಅವರ ಕೈಗೇ ಫೋಟೊ ತೆಗೆಯಲು ಕ್ಯಾಮೆರಾ, ನಕ್ಷೆ ಬಿಡಿಸಲು ರಂಗೋಲಿ ಪುಡಿ ಕೊಡುವುದು ಇನ್ನೊಂದು ದಾರಿ. ಈ ಎರಡನೆಯದರ ಬಗ್ಗೆ ತಪ್ಪು ತಿಳಿವಳಿಕೆಗಳೇ ಹೆಚ್ಚು.

ತಪ್ಪು ಕಲ್ಪನೆ: ಫೋಟೊ ಸುಳ್ಳಾಡುವುದಿಲ್ಲ, ನೋಡಿದರೆ ಸಾಕು.

ಸತ್ಯ: ಬ್ಯಾಡಗಿಯಲ್ಲಿ ಒಣಮೆಣಸಿನಕಾಯಿ ರಾಶಿಯ ಮುಂದೆ ಕೂತು ತೊಟ್ಟು ಬಿಡಿಸುವ ಹೆಂಗಸರ ಚಿತ್ರವೊಂದು ಸಿಕ್ಕಿತೆನ್ನಿ. ಮೂಗಿಗೆ ಸೆರಗು, ಬರಿಗೈ. ಹೊರಗಿನಿಂದ ಬಂದವರು 'ಅರಿವಿನ ಕೊರತೆ, ಕೈಗವಸು ಹಂಚಿ' ಎಂದು ವರದಿ ಬರೆದು ಮುಗಿಸಿಯಾರು. ಕೂಲಿ ಕೆ.ಜಿ. ಲೆಕ್ಕದಲ್ಲಿದ್ದರೆ ಕೈಗವಸು ಬೆರಳಿನ ಚುರುಕು ತಗ್ಗಿಸಿ ಸಂಜೆಯ ಗಳಿಕೆಗೇ ಕತ್ತರಿ ಹಾಕುತ್ತದೆ. ಅದು ಚಿತ್ರದಲ್ಲಿ ಕಾಣದು. ಮೂಲೆಯಲ್ಲೊಂದು ಎಣ್ಣೆ ಬಾಟಲಿ ಇದ್ದರೆ ಅದನ್ನೂ ಯಾರೂ ಗಮನಿಸುವುದಿಲ್ಲ. ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ನೀರಿಗೆ ಜಗ್ಗದು, ಎಣ್ಣೆಯಲ್ಲಿ ಕರಗುತ್ತದೆ. ಕೈಗೆ ಎಣ್ಣೆ ಉಜ್ಜಿ ಆಮೇಲೆ ಸೋಪಿನಿಂದ ತೊಳೆಯುವುದು ವಿಜ್ಞಾನ ಒಪ್ಪುವ ಉಪಾಯ.

ಇಂಥದ್ದು ತಿಳಿಯಲು ಚಿತ್ರ ತೆಗೆದವರನ್ನೇ ಕೇಳಬೇಕು. 1990ರ ದಶಕದಲ್ಲಿ ಕ್ಯಾರೊಲಿನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿ ಹೆಂಗಸರಿಗೆ ಕ್ಯಾಮೆರಾ ಕೊಟ್ಟು ರೂಪಿಸಿದ 'ಫೋಟೊವಾಯ್ಸ್' ವಿಧಾನದಲ್ಲಿ ಕ್ಲಿಕ್ಕಿಸುವುದು ಅರ್ಧ ಕೆಲಸ. ತೆಗೆದವರೆಲ್ಲ ಕೂಡಿ ಕೂತು, ಇದನ್ನೇ ಏಕೆ ತೆಗೆದೆವು, ಇದು ಹೀಗೇಕಿದೆ ಎಂದು ಮಾತಾಡುವುದು ಉಳಿದರ್ಧ.

ತಪ್ಪು ಕಲ್ಪನೆ: ಅಕ್ಷರ ಬಾರದವರು ನಕ್ಷೆ ಬರೆಯಲಾರರು.

ಸತ್ಯ: ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆ 2000ದ ದಶಕದಲ್ಲಿ ಹಾವೇರಿಯೂ ಸೇರಿ ಐದು ಜಿಲ್ಲೆಗಳಲ್ಲಿ ನಡೆದಾಗ, ಊರವರೇ ಪಾಲ್ಗೊಂಡು ತಮ್ಮೂರಿನ ಸ್ಥಿತಿಗತಿ ಗುರುತಿಸುವ ಪಾರ್ಟಿಸಿಪೇಟರಿ ರೂರಲ್ ಅಪ್ರೈಸಲ್ ಅಥವಾ ಪಿಆರ್‌ಎ ವಿಧಾನ ಬಳಕೆಯಲ್ಲಿತ್ತು. ನೆಲದ ಮೇಲೆ ಊರಿನ ನಕ್ಷೆ ಬಿಡಿಸುವುದು ಅದರ ಮುಖ್ಯ ಭಾಗ. ರಂಗೋಲಿ ಹಾಕುವ ಕೈಗೆ ಇದೇನು ದೊಡ್ಡದು? ರಾಣೆಬೆನ್ನೂರು ಸುತ್ತಿನ ಬೀಜೋತ್ಪಾದನೆ ಹೊಲಗಳಲ್ಲಿ ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ) ಮಾಡುವ ಹೆಂಗಸರಿಂದ ಇಡೀ ದಿನದ ನಕ್ಷೆ ಬರೆಸಿ: ನೀರಿನ ಕೊಡ ಎಲ್ಲಿ, ನೆರಳೆಲ್ಲಿ, ಮರೆಗೆ ಹೋಗಲು ಜಾಗವೆಲ್ಲಿ. 'ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ' ಎಂದು ಕೇಳಿದರೆ ಒಂದು ಅಂಕಿ ಸಿಗುತ್ತದೆ. ಮರೆಯೇ ಇಲ್ಲದ ಹೊಲದಲ್ಲಿ ಬಾಯಾರಿದರೂ ಕೊಡದ ಹತ್ತಿರ ಹೋಗದ ಕಾರಣ ನಕ್ಷೆಯಲ್ಲಿ ಸಿಗುತ್ತದೆ. ಎಷ್ಟು ಜನ ಹೀಗೆ ಎನ್ನಲು ಮಾತ್ರ ಸಮೀಕ್ಷೆಯೇ ಬೇಕು.

ಇನ್ನೊಂದು ಮಾತು. ತಾಂಡಾದವರು, ಕೇರಿಯವರು, ಊರೊಳಗಿನವರು ಬೇರೆಬೇರೆಯಾಗಿ ಬರೆಯಲಿ. ಒಟ್ಟಿಗೆ ಕೂರಿಸಿದರೆ ಗಟ್ಟಿ ದನಿಯವರ ಊರಷ್ಟೇ ಮೂಡುತ್ತದೆ.

ತಪ್ಪು ಕಲ್ಪನೆ: ಸಹಿ ಹಾಕಿಸಿಕೊಂಡ ಮೇಲೆ ಚಿತ್ರ ನಮ್ಮದು.

ಸತ್ಯ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ, ಪಾಲ್ಗೊಂಡವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ವಾಟ್ಸ್‌ಆ್ಯಪ್‌ಗೆ ಹೋದ ಮುಖವನ್ನು ಮರಳಿ ತರಲಾಗದು; ಮಾಲೀಕರ ಕಣ್ಣಿಗೆ ಬಿದ್ದರೆ ನಾಳೆಯ ಕೂಲಿಗೂ ಕುತ್ತು ಬಂದೀತು. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲೇ ಚಿತ್ರ ಎಲ್ಲೆಲ್ಲಿಗೆ ಹೋಗುತ್ತದೆಂದು ಬಿಡಿಸಿ ಹೇಳಿ. ಬೇಡವೆಂದರೆ ಅವರೆದುರಿಗೇ ಅಳಿಸಿ.