ಮನೆ ಬಾಗಿಲಿಗೆ ಟಯರ್ ಸೇವೆ: ಕಾರಿಗೆ ಹಾನಿಯಾದರೆ ಹೊಣೆ ಯಾರದು?

ಟಯರ್ ಬದಲಾಯಿಸಲು ಅಂಗಡಿಯ ಮುಂದೆ ಕಾಯಬೇಕಾದ ಅನಿವಾರ್ಯತೆ ನಗರಗಳಲ್ಲಿ ಕಡಿಮೆಯಾಗುತ್ತಿದೆ. ಕರೆ ಮಾಡಿದರೆ ಸಾಕು, ಟಯರ್, ಜಾಕ್, ಕಂಪ್ರೆಸರ್‌ಗಳನ್ನು ಹೊತ್ತ ವ್ಯಾನ್ ಮನೆ ಅಥವಾ ಕಚೇರಿಯ ಬಾಗಿಲಿಗೇ ಬರುತ್ತದೆ. ಈ ಸೌಕರ್ಯದೊಡನೆ ಒಂದು ತೊಡಕೂ ಬಂದಿದೆ. ಅಂಗಡಿಯಲ್ಲಿ ಹಾನಿಯಾದರೆ ಮಾಲೀಕ ಎದುರಿಗೇ ಇರುತ್ತಾನೆ. ಮನೆಯಂಗಳದಲ್ಲಾದರೆ ಹಾನಿ ಕಣ್ಣಿಗೆ ಬೀಳುವಷ್ಟರಲ್ಲಿ ವ್ಯಾನ್ ಹೊರಟುಹೋಗಿರುತ್ತದೆ. "ಆ ಗೀರು ಮೊದಲೇ ಇತ್ತು" ಎಂಬ ಮಾತಿನಿಂದ ವಿವಾದ ಆರಂಭವಾಗುತ್ತದೆ. ಅದನ್ನು ಬಗೆಹರಿಸಲು ನೆರವಾಗುವುದು ಮೊದಲ ಕೆಲವು ಗಂಟೆಗಳಲ್ಲಿ ಸಂಗ್ರಹಿಸಿದ ದಾಖಲೆ.

ಹಾನಿಯ ಸ್ವರೂಪ

ತಯಾರಕರು ಸೂಚಿಸಿದ ಸ್ಥಾನದಲ್ಲಿಯೇ ಜಾಕ್ ನಿಲ್ಲಿಸಬೇಕು. ತಪ್ಪಿದರೆ ಬಾಗಿಲ ಕೆಳಗಿನ ತಗಡಿನ ಅಂಚು ಬಾಗುತ್ತದೆ; ಬಣ್ಣ ಕಿತ್ತು ತುಕ್ಕಿಗೆ ದಾರಿಯಾಗುತ್ತದೆ. ಅನೇಕ ವಿದ್ಯುತ್ ಕಾರುಗಳಲ್ಲಿ ಬ್ಯಾಟರಿಯು ತಳದಲ್ಲಿಯೇ ಇರುವುದರಿಂದ ಈ ತಪ್ಪು ಬಹಳ ದುಬಾರಿಯಾಗಬಲ್ಲದು. ಟಯರ್ ಬಿಚ್ಚುವಾಗ ಅಲಾಯ್ ಚಕ್ರಕ್ಕೆ ಗೀರು ಬೀಳುವುದು, ಗಾಳಿಯ ಒತ್ತಡ ತಿಳಿಸುವ ಸೆನ್ಸರ್ ಮುರಿಯುವುದು ಇತರ ಹಾನಿಗಳು.

ಎಲ್ಲಕ್ಕಿಂತ ಅಪಾಯಕಾರಿಯಾದುದು ನಟ್‌ಗಳ ಬಿಗಿತದಲ್ಲಿನ ದೋಷ. ಯಂತ್ರದಿಂದ ಮಿತಿಮೀರಿ ಬಿಗಿದರೆ ಬೋಲ್ಟಿನ ಥ್ರೆಡ್ ಹಾಳಾಗುತ್ತದೆ. ಸಡಿಲ ಬಿಟ್ಟರೆ ಓಡುವ ಕಾರಿನ ಚಕ್ರವೇ ಕಳಚಬಹುದು. ಅನೇಕ ಸಣ್ಣ ಕಾರುಗಳಿಗೆ ಬೇಕಾದ ಬಿಗಿತ 100 ನ್ಯೂಟನ್-ಮೀಟರ್‌ನ ಆಸುಪಾಸಿನಲ್ಲಿದ್ದು, ನಿಖರ ಪ್ರಮಾಣವನ್ನು ಕಾರಿನ ಕೈಪಿಡಿಯಲ್ಲಿ ನೋಡಬೇಕು. ಟಾರ್ಕ್ ರೆಂಚ್‌ನಿಂದಲೇ ಅಂತಿಮ ಬಿಗಿತ ನೀಡಿ, 50ರಿಂದ 100 ಕಿ.ಮೀ. ಓಡಿದ ಬಳಿಕ ಪುನಃ ಪರೀಕ್ಷಿಸುವುದು ಕ್ಷೇಮ.

ತಕ್ಷಣದ ಕ್ರಮಗಳು

ಕೆಲಸಕ್ಕೆ ಮುನ್ನ ಮತ್ತು ಅನಂತರ ನಾಲ್ಕೂ ಚಕ್ರಗಳ ಹಾಗೂ ಜಾಕ್ ಸ್ಥಾನಗಳ ಛಾಯಾಚಿತ್ರ ತೆಗೆಯಬೇಕು. ಹಾನಿ ಕಂಡಲ್ಲಿ ಕೆಲಸಗಾರ ಸ್ಥಳದಲ್ಲಿರುವಾಗಲೇ ಬಿಲ್ಲಿನ ಮೇಲೆ ಅದನ್ನು ಬರೆದು ಸಹಿ ಪಡೆಯಬೇಕು. ಆತ ಹೊರಟುಹೋಗಿದ್ದರೆ ಅದೇ ದಿನ ಸಂಸ್ಥೆಗೆ ಲಿಖಿತವಾಗಿ ತಿಳಿಸಬೇಕು. ನಟ್ ಅಥವಾ ಚಕ್ರದಲ್ಲಿ ದೋಷದ ಅನುಮಾನವಿದ್ದರೆ ಕಾರನ್ನು ಓಡಿಸಕೂಡದು. ದುರಸ್ತಿಗೆ ಮೊದಲು ಅಧಿಕೃತ ಸೇವಾ ಕೇಂದ್ರದಿಂದ ಹಾನಿಯ ಕಾರಣ ಮತ್ತು ವೆಚ್ಚದ ಲಿಖಿತ ವರದಿ ಪಡೆಯಬೇಕು. ಬಿಚ್ಚಿದ ಭಾಗಗಳನ್ನು ಎಸೆಯಬಾರದು.

ಕಾನೂನಿನ ನೆರವು

2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಪ್ರಕಾರ ನಿರ್ಲಕ್ಷ್ಯವೂ ಸೇವಾ ನ್ಯೂನತೆಯೇ. "ಹಾನಿಗೆ ನಾವು ಜವಾಬ್ದಾರರಲ್ಲ" ಎಂದು ರಸೀದಿಯಲ್ಲಿ ಅಚ್ಚು ಹಾಕಿಸಿದ ಮಾತ್ರಕ್ಕೆ ಸಂಸ್ಥೆಯ ಹೊಣೆ ತೀರಿತೆಂದು ಭಾವಿಸಲಾಗದು. ಬಿಲ್ ನೀಡದಿರುವುದು ಅದೇ ಕಾಯಿದೆಯಡಿ ಅನುಚಿತ ವ್ಯಾಪಾರ ಪದ್ಧತಿ. ಅಂತರ್ಜಾಲ ವೇದಿಕೆಯ ಮೂಲಕ ಸೇವೆ ಪಡೆದಿದ್ದರೆ, 2020ರ ಇ-ವಾಣಿಜ್ಯ ನಿಯಮಗಳಂತೆ ಅದರ ಕುಂದುಕೊರತೆ ಅಧಿಕಾರಿ 48 ಗಂಟೆಗಳೊಳಗೆ ದೂರಿಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿಯೂ ಫಲ ಕಾಣದಿದ್ದರೆ, ತಾನು ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ಸೇವೆಗೆ ತೆತ್ತ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಆದರೆ ವಾಣಿಜ್ಯೋದ್ದೇಶಕ್ಕೆ ಪಡೆದ ಸೇವೆ ಈ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವವರಿಗೆ ಮಾತ್ರ ವಿನಾಯಿತಿಯಿದೆ. ಸಂಸ್ಥೆಯ ಹೆಸರಿನಲ್ಲಿ ಹಲವು ಕಾರುಗಳನ್ನು ಓಡಿಸುವ ಉದ್ಯಮಿಗಳು ಈ ಅಂಶವನ್ನು ಮೊದಲೇ ವಕೀಲರೊಡನೆ ವಿಚಾರಿಸುವುದು ಒಳಿತು.

ಸ್ವಂತ ವಿಮೆಯನ್ನು ಬಳಸುವ ಮುನ್ನವೂ ಲೆಕ್ಕ ಹಾಕಬೇಕು. ಕ್ಲೇಮ್ ಮಾಡಿದರೆ ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ. ಆ ರಿಯಾಯಿತಿ ಶೇ. 20ರಿಂದ 50ರವರೆಗೆ ಇರುವುದರಿಂದ, ಸಣ್ಣ ಗೀರಿಗೆ ಕ್ಲೇಮ್ ಮಾಡುವುದು ನಷ್ಟಕರವಾಗಬಹುದು.

ಸೇವಾ ಉದ್ದಿಮೆದಾರರಿಗೆ

ಸಂಚಾರಿ ಟಯರ್ ಸೇವೆ ಅಲ್ಪ ಬಂಡವಾಳದಲ್ಲಿಯೂ ಆರಂಭಿಸಬಹುದಾದ ಉದ್ದಿಮೆ. ಒಂದು ದೊಡ್ಡ ಪರಿಹಾರದ ಹೊರೆ ಅದರ ತಿಂಗಳುಗಳ ಲಾಭವನ್ನು ನುಂಗಬಲ್ಲದು. ಕೆಲಸಕ್ಕೆ ಮೊದಲು ಗ್ರಾಹಕನ ಸಮ್ಮುಖದಲ್ಲಿ ಹಳೆಯ ಗೀರುಗಳನ್ನು ಗುರುತಿಸುವ ಒಂದು ಪುಟದ ತಪಾಸಣಾ ಪಟ್ಟಿ, ರಬ್ಬರ್ ಮೆತ್ತೆಯ ಜಾಕ್, ಟಾರ್ಕ್ ರೆಂಚ್, ಕೆಲಸಗಾರರಿಗೆ ತರಬೇತಿ ಹಾಗೂ ಹೊಣೆಗಾರಿಕೆ ವಿಮೆ ಇವಿಷ್ಟಕ್ಕೆ ತಗಲುವ ವೆಚ್ಚ ಆ ಹೊರೆಯ ಮುಂದೆ ಅಲ್ಪವೇ. ಗ್ರಾಹಕ ಸಹಿ ಮಾಡಿದ ತಪಾಸಣಾ ಪಟ್ಟಿ ಸುಳ್ಳು ಆರೋಪದಿಂದ ಪ್ರಾಮಾಣಿಕ ಕೆಲಸಗಾರನನ್ನೂ ಕಾಪಾಡುತ್ತದೆ. ತಪ್ಪಾದಾಗ ತಡಮಾಡದೆ ಒಪ್ಪಿ ಸರಿಪಡಿಸುವ ಸಂಸ್ಥೆಯನ್ನು ಗ್ರಾಹಕ ಮರಳಿ ಕರೆಯುತ್ತಾನೆ. ವ್ಯಾಪಾರ ಬೆಳೆಯುವುದು ಆ ನಂಬಿಕೆಯಿಂದಲೇ.